ಉಗಿ ಕಾರಿನ ಹೊಟ್ಟೆಗೆ ಎಣ್ಣೆ ಹೋಗುವ ದಾರಿ

ಉಗಿ ಕಾರು ಅಂದರೆ ಎಲ್ಲರ ಕಣ್ಣು ಬಾಯ್ಲರ್ ಮೇಲೆ. ಆದರೆ ಹಳೇ ಗಾಡಿಯನ್ನು ಮತ್ತೆ ಓಡಿಸಲು ಹೊರಟವರ ತಾಳ್ಮೆ ಪರೀಕ್ಷೆ ಮಾಡುವುದು ಬಾಯ್ಲರಿನ ಕೆಳಗಿನ ಬರ್ನರು, ಅದಕ್ಕೆ ಎಣ್ಣೆ ತರುವ ಕೊಳವೆ ಮತ್ತು ಕೊಳವೆಯ ತುದಿಯ ಒಂದು ಸಣ್ಣ ತೂತು.

ಅಮೆರಿಕದ ಸ್ಟ್ಯಾನ್ಲಿ ಅವಳಿ ಸಹೋದರರು 1897ರಲ್ಲಿ ತಮ್ಮ ಮೊದಲ ಉಗಿ ಕಾರು ಕಟ್ಟಿದರು. 1906ರಲ್ಲಿ ಅವರ ಕಾರೊಂದು ಫ್ಲಾರಿಡಾದ ಕಡಲತೀರದ ಮರಳಿನ ಮೇಲೆ ಗಂಟೆಗೆ 205 ಕಿ.ಮೀ. ವೇಗದಲ್ಲಿ ಓಡಿತು. ಅಷ್ಟು ಉಗಿ ಏಳಬೇಕಾದರೆ ಕೆಳಗೆ ಎಂಥ ಬೆಂಕಿ ಇರಬೇಕು, ಅಲ್ವಾ? ಅದು ಕಲ್ಲಿದ್ದಲ ಬೆಂಕಿಯಲ್ಲ. ಮೊದಮೊದಲು ಪೆಟ್ರೋಲು ಉರಿಸುತ್ತಿದ್ದರು, ಆಮೇಲಿನ ಕಾರುಗಳಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ.

ಶಿರಸಿ, ಸಿದ್ದಾಪುರದ ಕಡೆ ಬಯಲಾಟಕ್ಕೆ ಗ್ಯಾಸ್‌ಲೈಟ್ ಹಚ್ಚಿದವರಿಗೆ ಈ ಬರ್ನರಿನ ಗುಟ್ಟು ಆಗಲೇ ಗೊತ್ತು. ಟ್ಯಾಂಕಿಗೆ ಪಂಪ್ ಹೊಡೆದು ಗಾಳಿ ತುಂಬಬೇಕು. ಸ್ಪಿರಿಟ್ ಹಚ್ಚಿ ಕೊಳವೆ ಕಾಯಿಸಬೇಕು. ಕಾಯುವ ಮೊದಲೇ ಅವಸರ ಮಾಡಿದರೆ ಎಣ್ಣೆ ಹಾಗೇ ಚಿಮ್ಮಿ ಭಗ್ ಅಂತ ಹಳದಿ ಉರಿ ಏಳುತ್ತದೆ.

ಯಾಕೆ ಹೀಗೆ? ಚಿಮಣಿ ಎಣ್ಣೆ ಕುದಿಯುವುದು ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ. ಆವಿಯಾಗಿ, ಗಾಳಿ ಜೊತೆ ಬೆರೆತರೆ ಮಾತ್ರ ಅದು ಹೊಗೆಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ಅದಕ್ಕೇ ಉಗಿ ಕಾರಿನಲ್ಲಿ ಎಣ್ಣೆಯ ಕೊಳವೆಯನ್ನು ಬೆಂಕಿಯ ನಡುವೆಯೇ ಹಾಯಿಸಿರುತ್ತಾರೆ. ಉರಿಯುತ್ತಿರುವ ಎಣ್ಣೆ ಮುಂದೆ ಬರುವ ಎಣ್ಣೆಯನ್ನು ಕಾಯಿಸುತ್ತದೆ. ಆವಿ ಕೊಳವೆಯ ತುದಿಯ ಜೆಟ್ಟಿನ ಸಣ್ಣ ತೂತಿನಿಂದ ರಭಸವಾಗಿ ನುಗ್ಗುವಾಗ ಸುತ್ತಲ ಗಾಳಿಯನ್ನೂ ಎಳೆದುಕೊಂಡು ಬರ್ನರಿಗೆ ಹೋಗುತ್ತದೆ. ಉಗಿಯ ಒತ್ತಡ ಸಾಕಷ್ಟು ಏರಿತೋ, ಒಂದು ತೆಳು ತಗಡು ಬಾಗಿ ಎಣ್ಣೆಯ ವಾಲ್ವನ್ನು ತಾನೇ ಮುಚ್ಚುತ್ತದೆ.

ತೊಂದರೆ ಶುರುವಾಗುವುದು ಕರಿಯಿಂದ. ಜಾಸ್ತಿ ಕಾದ ಎಣ್ಣೆಯ ಅಣುಗಳು ಒಡೆದು ಕೊಳವೆಯೊಳಗೆ ಗಟ್ಟಿ ಇಂಗಾಲವಾಗಿ ಕೂರುತ್ತವೆ. ಸ್ಟ್ಯಾನ್ಲಿ ಕಾರಿನಲ್ಲಿ ಇದಕ್ಕೊಂದು ಚಂದದ ಉಪಾಯವಿದೆ. ಕೊಳವೆಯೊಳಗೆ ಹೆಣೆದ ತಂತಿಯ ಹುರಿ ಇಟ್ಟಿರುತ್ತಾರೆ. ಕರಿ ಅದಕ್ಕೆ ಅಂಟುತ್ತದೆ. ಆಗಾಗ ಹುರಿ ಹೊರಗೆಳೆದು, ಉಜ್ಜಿ, ಮತ್ತೆ ತೂರಿಸಿದರೆ ಆಯಿತು.

ಜೆಟ್ಟಿನ ಕರಿ ತೆಗೆಯುವಾಗ ಮಾತ್ರ ಕೈ ಹಗುರ ಇರಬೇಕು. ಸಿಕ್ಕ ಸೂಜಿ ಹಾಕಿ ತಿರುವಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ತೂತಿನ ಅಡ್ಡಳತೆ ಬರೀ ಶೇ. 10ರಷ್ಟು ಹೆಚ್ಚಾದರೂ ಅದರ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಎಣ್ಣೆ ಜಾಸ್ತಿ, ಗಾಳಿ ಸಾಲದು. ಬಾಯ್ಲರಿನ ತಳಕ್ಕೆಲ್ಲ ಮಸಿ. ಹಾಗಂತ ತೂತು ಅರ್ಧ ಕಟ್ಟಿದ್ದರೂ ಕಷ್ಟವೇ. ಗಾಳಿ ಬೆರೆತ ಆವಿಯ ವೇಗ ಉರಿ ಹಬ್ಬುವ ವೇಗಕ್ಕಿಂತ ಕಡಿಮೆಯಾದರೆ ಬೆಂಕಿ ಹಿಂದಕ್ಕೆ ಓಡಿ, ಆವಿ ಮತ್ತು ಗಾಳಿ ಬೆರೆಯುವ ಕೊಳವೆಯೊಳಗೇ ಉರಿಯತೊಡಗುತ್ತದೆ. ನನ್ನನ್ನು ಕೇಳಿದರೆ, ಇಡೀ ಗಾಡಿಯಲ್ಲಿ ಮೊದಲು ಹೊಸದು ಹಾಕಬೇಕಾದ ಭಾಗ ಈ ಜೆಟ್ಟು.

ಕಾರವಾರದಂಥ ಊರಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಇನ್ನೆರಡು ವಿಷಯ ನೋಡಬೇಕು. ಉಪ್ಪು ಗಾಳಿಗೆ ಕಬ್ಬಿಣದ ಟ್ಯಾಂಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಎಥನಾಲ್ ಬೆರೆತ ಇವತ್ತಿನ ಪೆಟ್ರೋಲು ಮಳೆಗಾಲದ ಗಾಳಿಯಿಂದ ನೀರು ಹೀರುತ್ತದೆ, ಹಳೇ ರಬ್ಬರ್ ಭಾಗಗಳನ್ನೂ ಕೆಡಿಸುತ್ತದೆ. ಪಂಪಿನ ತೊಗಲಿನ ವಾಶರು ಒಣಗಿದ್ದರೆ ಎರಡು ಹನಿ ಎಣ್ಣೆ ಬಿಟ್ಟು ಮೆತ್ತಗೆ ಮಾಡಿಕೊಳ್ಳಬಹುದು. ಹಳೇ ಕಲ್ನಾರಿನ (ಆಸ್ಬೆಸ್ಟಾಸ್) ಪ್ಯಾಕಿಂಗ್ ಇದ್ದರೆ ಕೆರೆಯಲು ಹೋಗಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ.

ಇನ್ನು ಟ್ಯಾಂಕು ಒತ್ತಡ ತಡೆಯುತ್ತದೋ ಇಲ್ಲವೋ ಎಂದು ನೋಡಲು ಸುಮ್ನೆ ಗಾಳಿ ತುಂಬಬಾರದು. ಒತ್ತಿದ ಗಾಳಿಯಲ್ಲಿ ಬಹಳ ಶಕ್ತಿ ಕೂಡಿರುತ್ತದೆ, ಬೆಸುಗೆ ಬಿಟ್ಟರೆ ತಗಡು ಸಿಡಿಯುತ್ತದೆ. ಟ್ಯಾಂಕಿನ ತುಂಬ ನೀರು ತುಂಬಿ ಒತ್ತಡ ಕೊಟ್ಟರೆ, ಬಿರುಕಿದ್ದಲ್ಲಿ ಬರೀ ನೀರು ಜಿನುಗುತ್ತದೆ. ಬಿರುಕು ಬೆಸೆದು, ಒಳಗೆಲ್ಲ ಒಣಗಿಸಿ, ಆಮೇಲೆ ಎಣ್ಣೆ ಹೊಯ್ಯಬಹುದು.