ಹಳೇ ಗಾಲ್ಫ್ ಕೋರ್ಸ್ ನಿಜವಾಗಿ ಹಳೇದೇನಾ?

ಪ್ರಶ್ನೆ: ಮಗಳು ಎಡಿನ್‌ಬರೋದಲ್ಲಿದ್ದಾಳೆ. ಜೂನ್‌ನಲ್ಲಿ ಮೂರು ವಾರ ಅಲ್ಲಿಗೆ ಹೋಗುತ್ತಿದ್ದೇವೆ. ನಾನು ರಿಟೈರ್ ಆದ ಮೇಲೆ ಗಾಲ್ಫ್ ಕಲಿತವನು, ಯಾವ ಕ್ಲಬ್ಬಿನ ಮೆಂಬರೂ ಅಲ್ಲ. ಹಳೇ ರೂಪ ಕೆಡದೆ ಉಳಿದಿರುವ, ನಮ್ಮಂಥವರೂ ದುಡ್ಡು ಕಟ್ಟಿ ಆಡಬಹುದಾದ ಕೋರ್ಸ್ ಹುಡುಕುವುದು ಹೇಗೆ? ಸೇಂಟ್ ಆಂಡ್ರೂಸ್‌ನಲ್ಲಿ ಆಡಲು ಬಿಡುತ್ತಾರಾ?

ಉತ್ತರ: ಬಿಡುತ್ತಾರೆ. ನಮ್ಮಲ್ಲಿ ಗಾಲ್ಫ್ ಅಂದರೆ ಗೇಟು, ವಾಚ್‌ಮನ್, ಮೆಂಬರ್‌ಶಿಪ್. ಅದೇ ಲೆಕ್ಕದಲ್ಲಿ ಅಲ್ಲಿಯದನ್ನು ನೋಡಬೇಡಿ. ಸ್ಕಾಟ್ಲೆಂಡಿನ ಸಮುದ್ರದ ಅಂಚಿನಲ್ಲಿ ಉಳುವುದಕ್ಕೂ ಬಾರದ ಮರಳು ನೆಲ ಇರುತ್ತದೆ. ಅದಕ್ಕೆ ಲಿಂಕ್ಸ್ ಅನ್ನುತ್ತಾರೆ. ಸುಮಾರಾಗಿ ನಮ್ಮ ಗೋಮಾಳ ಇದ್ದ ಹಾಗೆ. ಕುರಿ ಮೇಯುತ್ತಿದ್ದವು, ಮೊಲ ಬಿಲ ತೋಡುತ್ತಿದ್ದವು, ಊರಿನವರು ಚೆಂಡು ಹೊಡೆಯುತ್ತಿದ್ದರು. ಸೇಂಟ್ ಆಂಡ್ರೂಸ್‌ನಲ್ಲಿ ಊರಿನವರಿಗೆ ಗಾಲ್ಫ್ ಆಡುವ ಹಕ್ಕಿದೆ ಅಂತ 1552ರಲ್ಲೇ ಬರೆದಿಟ್ಟಿದ್ದಾರೆ. ಈಗಲೂ ಆ ಜಾಗ ಸರ್ಕಾರಿ ಕೌನ್ಸಿಲ್‌ನದು. ನೋಡಿಕೊಳ್ಳುವುದು 1974ರ ಕಾಯ್ದೆಯಿಂದ ಹುಟ್ಟಿದ ಒಂದು ಟ್ರಸ್ಟ್.

ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಚೀಟಿ ಎತ್ತುವ ಪದ್ಧತಿ ಇದೆ. ಆಡುವ ದಿನಕ್ಕೆ ಎರಡು ದಿನ ಮುಂಚೆ ಹೆಸರು ಕೊಡಬೇಕು, ಕನಿಷ್ಠ ಇಬ್ಬರಿರಬೇಕು. ಒಂಟಿಯಾಗಿ ಬಂದವರಿಗೆ ಹಿಂದಿನ ದಿನ ಬೇರೆ ಚೀಟಿ. ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ. ಅವತ್ತು ಊರಿನವರು ನಾಯಿ ಕರೆದುಕೊಂಡು ಫೇರ್‌ವೇ (ಆಟದ ಹುಲ್ಲುಹಾದಿ) ಮೇಲೆ ಆರಾಮಾಗಿ ಅಡ್ಡಾಡುತ್ತಾರೆ. ಆಡುವುದಕ್ಕಿಂತ ನೋಡುವುದೇ ಮುಖ್ಯ ಅನ್ನುವವರು ಭಾನುವಾರವೇ ಹೋಗಿ, ಅಲ್ಲಿನ ಹಳೇ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ಹೊಡೆಸಿಕೊಂಡು ಬರಬಹುದು, ಒಂದು ಪೈಸೆ ಖರ್ಚಿಲ್ಲ.

ನಿಮಗೆ ತೊಡಕಾಗುವುದು ಹ್ಯಾಂಡಿಕ್ಯಾಪ್ ಕಾಗದ, ಅಂದರೆ ನಿಮ್ಮ ಆಟದ ಮಟ್ಟ ಎಷ್ಟು ಅಂತ ತೋರಿಸುವ ಕಾಗದ. ಓಲ್ಡ್ ಕೋರ್ಸ್‌ನಲ್ಲಿ ಅದನ್ನು ಕೇಳುತ್ತಾರೆ, ಕ್ಲಬ್ಬಿಲ್ಲದವರ ಹತ್ತಿರ ಅದು ಇರುವುದು ಕಡಿಮೆ ಅಲ್ವಾ? ಪಕ್ಕದಲ್ಲೇ ನ್ಯೂ ಕೋರ್ಸ್ ಇದೆ. ಹೆಸರಿಗೆ ನ್ಯೂ, ಆದರೆ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮಾರಿಸ್ ಅದನ್ನು ಹಾಕಿಕೊಟ್ಟಿದ್ದು 1895ರಲ್ಲಿ! ಅದನ್ನು ಮುಂಚೆಯೇ ಬುಕ್ ಮಾಡಬಹುದು.

ಇನ್ನು ಹಳೇ ರೂಪದ ವಿಷಯ. ಬೋರ್ಡಿನ ಮೇಲೆ ದೊಡ್ಡ ಹೆಸರು, ಹಳೇ ಇಸವಿ ಇದ್ದ ಮಾತ್ರಕ್ಕೆ ಕೋರ್ಸ್ ಹಾಗೇ ಉಳಿದಿದೆ ಅಂತಲ್ಲ. ಹುಲ್ಲು ಕತ್ತರಿಸುವವನು ಗ್ರೀನ್‌ನ (ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಅಂಚಿಗೆ ಸ್ವಲ್ಪ ಒಳಗೇ ಮಷಿನ್ ತಿರುಗಿಸುತ್ತಾನೆ. ಮೂಲೆ ಬಿಡುವುದು ಅವನಿಗೆ ಸುಲಭ. ಮರುವರ್ಷ ಇನ್ನೊಂದಿಷ್ಟು ಒಳಗೆ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅಂಕುಡೊಂಕಾದ ಗ್ರೀನ್ ದೋಸೆ ಥರ ಗುಂಡಗಾಗಿರುತ್ತದೆ. ಅಂಚಿಗೇ ತಾಗಿಕೊಂಡಿದ್ದ ಬಂಕರ್ (ಮರಳಿನ ಗುಂಡಿ) ಈಗ ನಾಲ್ಕು ಹೆಜ್ಜೆ ದೂರ, ಮಧ್ಯೆ ಉದ್ದ ಹುಲ್ಲು. ನಾನಾದರೆ ಯಾವುದೇ ಕೋರ್ಸ್‌ಗೆ ಹೋದರೂ ಮೊದಲು ಅದನ್ನೇ ನೋಡುತ್ತೇನೆ. ಬಂಕರ್ ಗ್ರೀನಿಗೆ ಅಂಟಿಕೊಂಡಿದ್ದರೆ ಅಲ್ಲಿ ಯಾರೋ ಜೋಪಾನ ಮಾಡಿದ್ದಾರೆ ಅಂತ ಅರ್ಥ. ಇನ್ನೊಂದು ಗುರುತು ಮರ. ಖಾಲಿ ಬಯಲಾಗಿದ್ದ ಕಡೆ ಆಮೇಲೆ ಮರ ನೆಟ್ಟು ಆಟದ ದಾರಿಯನ್ನೇ ಓಣಿ ಮಾಡಿರುವುದು ಎಷ್ಟೋ ಕಡೆ ಇದೆ. ಕೋರ್ಸನ್ನು ಮೊದಲಿನ ರೂಪಕ್ಕೆ ತರುವವರು ಹಿಂದೆ ವಿಮಾನದಿಂದ ತೆಗೆದ ಫೋಟೋಗಳನ್ನು ಹುಡುಕುವುದು ಇದಕ್ಕೇ.

ನಿಮಗೆ ನಾನು ಹೇಳುವುದು ಮಸಲ್‌ಬರೋ. ಎಡಿನ್‌ಬರೋ ಊರಾಚೆ, ಮಗಳ ಮನೆಯಿಂದ ಅಷ್ಟೇನೂ ದೂರ ಆಗುವುದಿಲ್ಲ. ಅಲ್ಲಿನ ಓಲ್ಡ್ ಲಿಂಕ್ಸ್ ಬರೀ 9 ಹೋಲ್‌ಗಳ ಕೋರ್ಸ್, ಅದೂ ಕುದುರೆ ರೇಸಿನ ಟ್ರ್ಯಾಕ್ ಒಳಗೆ. ಅಲ್ಲಿ 1672ರಲ್ಲಿ ಗಾಲ್ಫ್ ಆಡಿದ್ದಕ್ಕೆ ಲಿಖಿತ ದಾಖಲೆ ಇದೆ. 1874ರಿಂದ 1889ರ ನಡುವೆ ಬ್ರಿಟಿಷ್ ಓಪನ್ ಅನ್ನುವ ದೊಡ್ಡ ಪಂದ್ಯ 6 ಸಲ ಇಲ್ಲೇ ನಡೆಯಿತು. ಆಮೇಲೆ ಅಲ್ಲಿ ಆಡುತ್ತಿದ್ದ ದೊಡ್ಡ ಕ್ಲಬ್ ಮ್ಯೂರ್‌ಫೀಲ್ಡ್ ಅನ್ನುವ ಬೇರೆ ಕೋರ್ಸ್‌ಗೆ ಗುಳೆ ಹೋಯಿತು, 1892ರ ಓಪನ್ ಕೂಡ ಅದರ ಹಿಂದೆಯೇ ಹೋಯಿತು. ದೊಡ್ಡವರು ಬಿಟ್ಟು ಹೋಗಿದ್ದೇ ಒಳ್ಳೆಯದಾಯಿತು ಅಂತ ನನಗನಿಸುತ್ತದೆ. ಉದ್ದ ಮಾಡಿ, ಗುಡ್ಡ ಎಬ್ಬಿಸಿ, ಕೆರೆ ತೋಡಿ ಅಂತ ಕೇಳುವವರೇ ಉಳಿಯಲಿಲ್ಲ.

ಅಲ್ಲಿ ಹಿಕರಿ ಮರದ ಹಿಡಿಯ ಹಳೇ ಮಾದರಿ ಕ್ಲಬ್‌ಗಳೂ (ಚೆಂಡು ಹೊಡೆಯುವ ಕೋಲು) ಬಾಡಿಗೆಗೆ ಸಿಗುತ್ತವೆ. ತೆಗೆದುಕೊಳ್ಳಿ. ಈಗಿನ ಡ್ರೈವರ್ (ದೂರ ಹೊಡೆಯುವ ಕೋಲು) ಹಿಡಿದರೆ ಆ ಕೋರ್ಸ್ ಚಿಕ್ಕದು ಅನಿಸಬಹುದು. ಹಿಕರಿ ಹಿಡಿದು ಹೊಡೆದರೆ ಅದರ ಅಳತೆ ಸರಿಯಾಗಿ ಕೂರುತ್ತದೆ. ಅಂದಹಾಗೆ, ಮಸಲ್‌ಬರೋದಲ್ಲಿ 1829ರಲ್ಲೇ ಚೆಂಡು ಬೀಳುವ ಕುಳಿ ಕೊರೆಯುವ ಒಂದು ಸಾಧನ ಇತ್ತು. ಅದರ ಅಗಲ 4.25 ಇಂಚು. ಜಗತ್ತೆಲ್ಲ ಆಮೇಲೆ ಅದೇ ಅಳತೆ ಹಿಡಿಯಿತು. ಬೆಂಗಳೂರಿನಲ್ಲಿ 1876ರಿಂದ ಇರುವ ಗಾಲ್ಫ್ ಕ್ಲಬ್ಬಿನ ಕುಳಿಯೂ ಈಗ ಅಷ್ಟೇ ಅಗಲ.

ಇನ್ನೊಂದು ದಿನ ಬಿಡುವಾದರೆ ನಾರ್ತ್ ಬರ್ವಿಕ್‌ನ ವೆಸ್ಟ್ ಲಿಂಕ್ಸ್‌ಗೆ ಹೋಗಿ. ಎಡಿನ್‌ಬರೋದಿಂದ ರೈಲಿದೆ, ಕ್ಲಬ್ಬಾದರೂ ಹೊರಗಿನವರಿಗೆ ಆಟ ಕೊಡುತ್ತಾರೆ. ಫೀಸ್ ಮಾತ್ರ ಜಾಸ್ತಿ. 13ನೇ ಹೋಲ್‌ನಲ್ಲಿ ಗ್ರೀನ್‌ಗೆ ಅಡ್ಡಲಾಗಿ ಕಲ್ಲಿನ ಗೋಡೆ. ನಮ್ಮ ಕಡೆ ಹೊಲದ ಬದುವಿಗೆ ಕಟ್ಟುವಂಥದ್ದು, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಬೇರೆ ಕಡೆಯಾಗಿದ್ದರೆ ಎಂದೋ ಕೆಡವುತ್ತಿದ್ದರು. ಇಲ್ಲಿ ಗೋಡೆ ಇದ್ದಲ್ಲೇ ಇದೆ, ಚೆಂಡೇ ಹಾರಿಕೊಂಡು ಹೋಗಬೇಕು. 15ನೇ ಹೋಲ್‌ಗೆ ರೆಡಾನ್ ಅಂತ ಹೆಸರು. ಮುಂದಿನಿಂದ ಹಿಂದಕ್ಕೆ ಇಳಿಜಾರಾದ ಓರೆ ಗ್ರೀನ್. ಅಮೆರಿಕದ ಎಷ್ಟೋ ಕೋರ್ಸ್‌ಗಳಲ್ಲಿ ಇದರ ನಕಲು ಮಾಡಿದ್ದಾರೆ.

ಮಸಲ್‌ಬರೋಗೆ ಹೊರಡುವ ಮುಂಚೆ ರೇಸ್ ಯಾವತ್ತು ಅಂತ ನೋಡಿಕೊಳ್ಳಿ. ಕುದುರೆ ಓಡುವ ಹೊತ್ತಲ್ಲಿ ಗಾಲ್ಫ್ ಬಂದ್.