ವಜ್ರವನ್ನು ಕೂರಿಸಲು ಕೊಡುವ ಮುನ್ನ

ಬಿಡಿ ವಜ್ರವೊಂದನ್ನು ಉಂಗುರಕ್ಕೆ ಕೂರಿಸಲು ತರುವವರು ಬಾಯಿಬಿಟ್ಟು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಕೆಲಸ ಮುಗಿಯಲು ಎಷ್ಟು ದಿನ ಬೇಕು? ಮನಸ್ಸಿನೊಳಗೆ ಕೊರೆಯುತ್ತಿರುವ ಪ್ರಶ್ನೆಗಳು ಬೇರೆಯೇ ಇರುತ್ತವೆ. ಹರಳು ಬದಲಾಗಿಬಿಟ್ಟರೆ? ಕೆಲಸದ ನಡುವೆ ಚಕ್ಕೆ ಎದ್ದರೆ? ಸರಿಯಾಗಿ ಕೂರದೆ ಒಂದು ದಿನ ಗೊತ್ತಿಲ್ಲದಂತೆ ಉದುರಿಹೋದರೆ? ಇದನ್ನೆಲ್ಲ ಕೇಳಿದರೆ ಎದುರಿಗಿರುವವರ ಪ್ರಾಮಾಣಿಕತೆಯನ್ನೇ ಶಂಕಿಸಿದಂತಾದೀತು ಎಂಬ ಸಂಕೋಚದಿಂದ ಹೆಚ್ಚಿನವರು ಸುಮ್ಮನಾಗುತ್ತಾರೆ, ಮನೆಗೆ ಹೋಗಿ ಚಿಂತಿಸುತ್ತಾರೆ. ಹರಳು ಕೂರಿಸುವುದನ್ನೇ ವೃತ್ತಿ ಮಾಡಿಕೊಂಡಿರುವ ನನ್ನ ಅನುಭವದಲ್ಲಿ ಈ ಆತಂಕಕ್ಕೆ ನ್ಯಾಯವಾದ ಕಾರಣಗಳಿವೆ, ಉತ್ತರಗಳೂ ಇವೆ. ಆದರೆ ಆ ಉತ್ತರಗಳಲ್ಲಿ ಬಹುಪಾಲು ಸಿಗುವುದು ಹರಳು ನಿಮ್ಮ ಕೈ ಬಿಡುವ ಮುಂಚಿನ ಕಾಲು ಗಂಟೆಯಲ್ಲಿ. ಉಂಗುರ ಸಿದ್ಧವಾಗಿ ಬಂದ ಮೇಲೆ ಅವುಗಳಲ್ಲಿ ಅರ್ಧದಷ್ಟನ್ನು ಪಡೆಯುವ ದಾರಿಯೇ ಮುಚ್ಚಿಹೋಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯವಾದ ಹರಳು ಬದಲಾಗುವ ವಿಚಾರವನ್ನೇ ಮೊದಲು ನೋಡೋಣ. ಬಿಡಿ ಹರಳನ್ನು ತೂಗಬಹುದು, ಕೂರಿಸಿದ ಹರಳನ್ನು ಬಿಚ್ಚದೆ ತೂಗಲಾಗದು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ವಜ್ರದ ತಕ್ಕಡಿ ಕ್ಯಾರೆಟ್ಟಿನ ನೂರನೆಯ, ಕೆಲವೊಮ್ಮೆ ಸಾವಿರನೆಯ ಭಾಗವನ್ನೂ ತೋರಿಸುತ್ತದೆ. ಆದ್ದರಿಂದ ಹರಳನ್ನು ಕೊಡುವಾಗ ನಿಮ್ಮ ಕಣ್ಣೆದುರಿಗೇ ತೂಗಿಸಿ, ವ್ಯಾಸ ಮತ್ತು ಆಳವನ್ನು ಅಳೆಸಿ, ಎರಡನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಬೇಕು. “ಬಿಳಿ ವಜ್ರ, ಒಂದು” ಎಂದಷ್ಟೇ ಬರೆದ ರಸೀದಿ ಯಾರನ್ನೂ ಕಾಪಾಡುವುದಿಲ್ಲ, ನಿಮ್ಮನ್ನೂ ಇಲ್ಲ, ಕೆಲಸ ಮಾಡುವವರನ್ನೂ ಇಲ್ಲ. ಆಕಾರ, ತೂಕ, ಮಿಲಿಮೀಟರಿನಲ್ಲಿ ಅಳತೆ, ಪ್ರಯೋಗಾಲಯದ ವರದಿ ಇದ್ದರೆ ಅದರ ಸಂಖ್ಯೆ, ಹರಳಿನಲ್ಲಿ ಈಗಾಗಲೇ ಇರುವ ಗಾಯ ಅಥವಾ ಚಕ್ಕೆ, ಇಷ್ಟೂ ಅದರಲ್ಲಿರಬೇಕು.

ತೂಕಕ್ಕಿಂತಲೂ ಗಟ್ಟಿಯಾದ ಸಾಕ್ಷಿ ಹರಳಿನ ಒಳಗಿದೆ. ಬಹುತೇಕ ಎಲ್ಲ ವಜ್ರಗಳಲ್ಲೂ ಹುಟ್ಟಿನಿಂದ ಬಂದ ಒಳಗುರುತುಗಳಿರುತ್ತವೆ: ಸೂಜಿಮೊನೆಯಂಥ ಚುಕ್ಕೆ, ಪುಟ್ಟ ಹರಳಿನ ತುಣುಕು, ಗರಿಯಂತೆ ಕಾಣುವ ಬಿರುಕು. ಇವುಗಳ ಜಾಗ, ಆಕಾರ ಮತ್ತು ಗುಂಪು ಎರಡು ವಜ್ರಗಳಲ್ಲಿ ಒಂದೇ ರೀತಿ ಇರುವುದಿಲ್ಲ. ವಜ್ರಗಳನ್ನು ಪರೀಕ್ಷಿಸಿ ವರದಿ ಕೊಡುವ ಜಿಐಎಯಂಥ ಸಂಸ್ಥೆಗಳ ಪೂರ್ಣ ವರದಿಗಳಲ್ಲಿ ಈ ಗುರುತುಗಳ ನಕ್ಷೆಯೇ ಇರುತ್ತದೆ, ಸಂಕ್ಷಿಪ್ತ ವರದಿಗಳಲ್ಲಿ ಇರುವುದಿಲ್ಲ. ನಕ್ಷೆ ಇಲ್ಲದಿದ್ದರೆ ನಾವೇ ಒಂದು ಮಾಡಿಕೊಳ್ಳಬಹುದು. ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲೋ ಸೂಕ್ಷ್ಮದರ್ಶಕದಲ್ಲೋ ಹರಳನ್ನು ಮೇಲಿನಿಂದ ನೋಡಿ, ಅದನ್ನು ಗಡಿಯಾರದ ಮುಖವೆಂದುಕೊಂಡು, ಎರಡು ಗಂಟೆಯ ದಿಕ್ಕಿನಲ್ಲಿ ಅಂಚಿನ ಬಳಿ ಕಪ್ಪು ಚುಕ್ಕೆ, ಏಳು ಗಂಟೆಯ ದಿಕ್ಕಿನಲ್ಲಿ ಬಿಳಿ ಗರಿ ಎಂದು ಗುರುತು ಹಾಕಿಕೊಂಡರೆ ಸಾಕು. ಸೂಕ್ಷ್ಮದರ್ಶಕದ ಕಣ್ಣಿಗೆ ಫೋನ್ ಹಿಡಿದು ಒಂದು ಚಿತ್ರ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನನ್ನ ಬಳಿ ಬರುವವರಿಗೆ ಲೂಪ್ ಹಿಡಿಯುವುದನ್ನು ನಾನೇ ಕಲಿಸುತ್ತೇನೆ: ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ಹರಳನ್ನು ಅದರ ಹತ್ತಿರಕ್ಕೆ ತಂದು, ಎರಡೂ ಕೈಗಳನ್ನು ಒಂದಕ್ಕೊಂದು ಆನಿಸಬೇಕು. ತಮ್ಮ ಹರಳಿನ ಗುರುತನ್ನು ಒಮ್ಮೆ ಕಣ್ಣಾರೆ ಕಂಡವರು ಮುಂದೆ ಅದನ್ನು ಬೇರೆ ಹರಳಿನ ಜೊತೆ ಎಂದೂ ಗೊಂದಲ ಮಾಡಿಕೊಳ್ಳುವುದಿಲ್ಲ.

ಅನೇಕ ವಜ್ರಗಳ ನಡುಪಟ್ಟಿಯ ಮೇಲೆ, ಅಂದರೆ ಗರ್ಡಲ್ ಎಂದು ಕರೆಯುವ ಸುತ್ತಂಚಿನ ಮೇಲೆ, ವರದಿಯ ಸಂಖ್ಯೆಯನ್ನು ಲೇಸರಿನಿಂದ ಕೆತ್ತಿರುತ್ತಾರೆ. ಅದನ್ನು ಕೊಡುವಾಗಲೂ ವಾಪಸು ಪಡೆಯುವಾಗಲೂ ನೀವೇ ಓದಿ. ಹರಳನ್ನು ಹಿಡಿದಿಡುವ ಲೋಹದ ಕಾಲುಗಳಿಗೆ, ನಮ್ಮ ಮಾತಿನಲ್ಲಿ ಪ್ರಾಂಗುಗಳಿಗೆ, ಆ ಅಕ್ಷರಗಳು ಅಡಿಯಾಗದಂತೆ ಎರಡು ಕಾಲುಗಳ ನಡುವಿನ ಜಾಗಕ್ಕೆ ಬರುವ ಹಾಗೆ ಕೂರಿಸಿ ಎಂದು ಮೊದಲೇ ಹೇಳಿದರೆ ಅದು ಕಷ್ಟದ ಕೆಲಸವೇನಲ್ಲ. ಆದರೂ ಕೆತ್ತಿದ ಸಂಖ್ಯೆಯೊಂದನ್ನೇ ನಂಬಬಾರದು. ಒಂದು ಹರಳಿನ ಸಂಖ್ಯೆಯನ್ನು ಇನ್ನೊಂದರ ಮೇಲೆ ಕೆತ್ತುವುದು ಅಸಾಧ್ಯವಲ್ಲ. ಸಂಖ್ಯೆ, ಅಳತೆ, ಒಳಗುರುತು ಮೂರೂ ಹೊಂದಿಕೆಯಾದಾಗ ಸಂಶಯಕ್ಕೆ ಎಡೆ ಉಳಿಯುವುದಿಲ್ಲ.

ಉಂಗುರ ಬಂದ ಮೇಲೆ ಕೆಲವರು ವಜ್ರ ಪರೀಕ್ಷಕ ಪೆನ್ನನ್ನು ಮುಟ್ಟಿಸಿ ನೋಡಿ ಸಮಾಧಾನಪಡುತ್ತಾರೆ. ಶಾಖ ಹರಿಯುವ ವೇಗವನ್ನು ಅಳೆಯುವ ಈ ಉಪಕರಣ ವಜ್ರದಂತೆ ಕಾಣುವ ಕ್ಯೂಬಿಕ್ ಜಿರ್ಕೋನಿಯಾವನ್ನು ಹಿಡಿದುಕೊಡುತ್ತದೆ, ಆದರೆ ಹಾಗೆಯೇ ಕಾಣುವ ಇನ್ನೊಂದು ಹರಳಾದ ಮೊಯ್ಸನೈಟ್ ಅದರ ಮುಂದೆ ವಜ್ರವೆಂದೇ ಪಾಸಾಗಬಹುದು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ವಜ್ರವೇ ಆದ್ದರಿಂದ ಪೆನ್ನು ಅದನ್ನು ಬೇರೆಯೆಂದು ಹೇಳಲಾರದು. ಇದು ವಜ್ರವೇ ಎಂಬ ಪ್ರಶ್ನೆಗೂ ಇದು ನನ್ನ ವಜ್ರವೇ ಎಂಬ ಪ್ರಶ್ನೆಗೂ ಬಹಳ ಅಂತರವಿದೆ. ಎರಡನೆಯದಕ್ಕೆ ಉತ್ತರ ನೀವು ಮೊದಲೇ ಮಾಡಿಟ್ಟುಕೊಂಡ ದಾಖಲೆಯಲ್ಲಿ ಮಾತ್ರ ಇದೆ. ದುಂಡು ಬ್ರಿಲಿಯಂಟ್ ಕಟ್ಟಿನ ಹರಳಾದರೆ ಕೂರಿಸಿದ ಮೇಲೂ ತೂಕವನ್ನು ಅಂದಾಜು ಮಾಡಬಹುದು: ಮಿಲಿಮೀಟರಿನಲ್ಲಿ ವ್ಯಾಸದ ವರ್ಗವನ್ನು ಆಳದಿಂದ ಗುಣಿಸಿ, ಬಂದುದನ್ನು 0.0061ರಿಂದ ಗುಣಿಸಿದರೆ ಕ್ಯಾರೆಟ್ ಸಿಗುತ್ತದೆ. 6.5 ಮಿಲಿಮೀಟರ್ ವ್ಯಾಸ, 4 ಮಿಲಿಮೀಟರ್ ಆಳದ ಹರಳು ಸುಮಾರು 1.03 ಕ್ಯಾರೆಟ್ ತೂಗುತ್ತದೆ. ಇದು ಅಂದಾಜು ಮಾತ್ರ, ಆದರೆ ದೊಡ್ಡ ವ್ಯತ್ಯಾಸವಿದ್ದರೆ ಎದ್ದು ಕಾಣುತ್ತದೆ.

ಹರಳು ಬದಲಾಗಿದೆ ಎಂಬ ಅನುಮಾನದಿಂದ ಬಂದವರನ್ನು ನಾನು ಕಂಡಿದ್ದೇನೆ. ಅವರ ಉಂಗುರವನ್ನು ತಿರುಗಿಸಿ ಹಿಂಬದಿಯಿಂದ ಲೂಪಿನಲ್ಲಿ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲೇ ಅಂಟಿಕೊಂಡಿರುತ್ತದೆ: ಹರಳಿನ ಕೆಳಮೈಗೂ ಲೋಹಕ್ಕೂ ನಡುವಿನ ಸಂದಿಯಲ್ಲಿ ಪಾಲಿಶ್ ಮಾಡಲು ಬಳಸಿದ ಮಸಾಲೆಯ ಕಂದು ಪದರ. ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಗುಣವಿದೆ, ಹಿಂಬದಿಯಲ್ಲಿ ತೆಳುವಾದ ಜಿಡ್ಡಿನ ಪೊರೆ ಕೂತರೂ ಒಳಗೆ ಪುಟಿದು ಮರಳಬೇಕಾದ ಬೆಳಕು ಅಲ್ಲಿಂದ ಸೋರಿಹೋಗಿ ಹರಳು ಮಂಕಾಗುತ್ತದೆ. ಬೆಚ್ಚಗಿನ ಸಾಬೂನು ನೀರು, ಮೆತ್ತನೆಯ ಬ್ರಷ್, ಹಿಂಬದಿಯಿಂದ ನಿಧಾನವಾದ ತಿಕ್ಕಾಟ, ಅಷ್ಟರಿಂದಲೇ ಹಳೆಯ ಹೊಳಪು ಮರಳುತ್ತದೆ. ಹಳದಿ ಚಿನ್ನದಲ್ಲಿ ಕೂರಿಸಿದಾಗ ಲೋಹದ ಬಣ್ಣ ಹರಳಿನೊಳಗೆ ಪ್ರತಿಫಲಿಸಿ ಬಿಳಿ ವಜ್ರ ತುಸು ಬೆಚ್ಚಗೆ ಕಾಣುವುದೂ, ಕಾಲುಗಳು ಅಂಚನ್ನು ಮುಚ್ಚುವುದರಿಂದ ಬಿಡಿಯಾಗಿದ್ದಾಗಿನದಕ್ಕಿಂತ ಚಿಕ್ಕದಾಗಿ ಕಾಣುವುದೂ ಸಹಜ. ಇವುಗಳನ್ನು ಮುಂಚಿತವಾಗಿ ಹೇಳಿಬಿಡುವುದು ಕೂರಿಸುವವರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ.

ಇನ್ನು ಒಡೆಯುವ ಭಯ. ವಜ್ರ ಅತ್ಯಂತ ಗಡುಸು, ಹಾಗಾಗಿ ಒಡೆಯುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಮೋಸ್ ಮಾಪಕದಲ್ಲಿ ಅದಕ್ಕೆ 10ನೆಯ ಸ್ಥಾನ, ಗೀರಲು ಇನ್ನೊಂದು ವಜ್ರವೇ ಬೇಕು. ಆದರೆ ಗೀರಿಗೆ ಜಗ್ಗದಿರುವುದು ಬೇರೆ, ಪೆಟ್ಟನ್ನು ತಾಳುವುದು ಬೇರೆ. ವಜ್ರದ ಸ್ಫಟಿಕರಚನೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ಸೀಳುತಲಗಳಿವೆ. ಆ ದಿಕ್ಕಿಗೆ ಸರಿಯಾಗಿ ಒತ್ತಡ ಬಿದ್ದರೆ ಅಂಚಿನಿಂದ ಚಕ್ಕೆ ಹಾರುತ್ತದೆ. ಒರಟು ವಜ್ರವನ್ನು ಸೀಳಿ ಎರಡು ಮಾಡುತ್ತಿದ್ದ ಹಳೆಯ ಕುಶಲಕರ್ಮಿಗಳು ಬಳಸಿಕೊಂಡದ್ದೂ ಇದೇ ಗುಣವನ್ನು.

ಆದ್ದರಿಂದ ಅಪಾಯ ಎಲ್ಲ ಹರಳುಗಳಲ್ಲಿ ಒಂದೇ ಅಲ್ಲ. ನಡುಪಟ್ಟಿ ಹದವಾದ ದಪ್ಪದಲ್ಲಿರುವ ದುಂಡು ಹರಳು ಸಾಕಷ್ಟು ಸುರಕ್ಷಿತ. ಪ್ರಿನ್ಸೆಸ್ ಕಟ್ಟಿನ ನಾಲ್ಕು ಚೂಪು ಮೂಲೆಗಳು, ಮಾರ್ಕ್ವಿಸ್ ಹರಳಿನ ಎರಡು ತುದಿಗಳು, ಹನಿಯಾಕಾರದ ಹರಳಿನ ಒಂದು ತುದಿ ಬಹಳ ಸೂಕ್ಷ್ಮವಾದ ಜಾಗಗಳು. ಅಲ್ಲಿ ಲೋಹ ಮೂಲೆಯನ್ನು ಎರಡೂ ಬದಿಯಿಂದ ಅಪ್ಪಿಕೊಳ್ಳಬೇಕೇ ಹೊರತು ನೇರವಾಗಿ ತುದಿಯ ಮೇಲೆ ಭಾರ ಬೀಳಬಾರದು. ವರದಿಯಲ್ಲಿ ನಡುಪಟ್ಟಿಯನ್ನು ಅತಿ ತೆಳು ಎಂದು ನಮೂದಿಸಿದ್ದರೆ, ಅಥವಾ ಗರಿಯಂಥ ಬಿರುಕು ಅಂಚಿನವರೆಗೆ ಬಂದಿದ್ದರೆ, ಅದನ್ನು ಕೂರಿಸುವವರಿಗೆ ನೀವೇ ತೋರಿಸಬೇಕು. ಅದನ್ನು ನೋಡಿ ಅವರು ಬೇರೆ ವಿನ್ಯಾಸ ಸೂಚಿಸಿದರೆ, ಇಲ್ಲವೇ ಈ ಕೆಲಸ ನನ್ನಿಂದ ಬೇಡ ಎಂದರೆ, ಬೇಸರಪಡಬೇಡಿ. ಹರಳನ್ನು ನೋಡಿದ ತಕ್ಷಣ ಎಲ್ಲಕ್ಕೂ ಒಪ್ಪಿಕೊಳ್ಳುವವರಿಗಿಂತ ಇಂಥವರನ್ನು ನಾನು ಹೆಚ್ಚು ನಂಬುತ್ತೇನೆ.

ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಭಯಕ್ಕೊಂದು ಸರಿಯಾದ ಆಕಾರ ಬರುತ್ತದೆ. ಉಂಗುರವನ್ನು ಅಲುಗಾಡದಂತೆ ಹಿಡಿಗೆ ಬಿಗಿದು, ಪ್ರತಿ ಕಾಲಿನ ಒಳಬದಿಯಲ್ಲಿ ಹರಳಿನ ನಡುಪಟ್ಟಿ ಕೂರುವಂತೆ ಒಂದು ಕಚ್ಚು ಕೊರೆಯುತ್ತೇವೆ. ದುಂಡು ಹರಳಿನ ಕೆಳಮೈ ಸುಮಾರು 41 ಡಿಗ್ರಿ ಕೋನದಲ್ಲಿ ಇಳಿಯುತ್ತದೆ. ಕಚ್ಚಿನ ಕೆಳಭಾಗವೂ ಅದೇ ಇಳಿಜಾರಿನಲ್ಲಿದ್ದರೆ ಹರಳು ಲೋಹದ ಮೇಲೆ ಮೈಚೆಲ್ಲಿ ಕೂರುತ್ತದೆ, ಇಲ್ಲವಾದರೆ ಒಂದೇ ಬಿಂದುವಿನ ಮೇಲೆ ನಿಂತು, ಮೇಲಿನಿಂದ ಒತ್ತಿದಾಗ ಆ ಬಿಂದುವಿನಲ್ಲೇ ಒಡೆಯುತ್ತದೆ. ಕಚ್ಚಿನ ಆಳ ಕಾಲಿನ ದಪ್ಪದ ಅರ್ಧವನ್ನು ಮೀರಬಾರದು, ಮೀರಿದರೆ ಕಾಲು ದುರ್ಬಲವಾಗಿ ಮುಂದೊಂದು ದಿನ ಮುರಿಯುತ್ತದೆ. ಹರಳನ್ನು ಇಟ್ಟು, ಮೇಲ್ಮುಖ ಸಮವಾಗಿದೆಯೇ ಎಂದು ಪಕ್ಕದಿಂದ ನೋಡಿ, ಎದುರುಬದುರಿನ ಕಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯ ಮೇಲೆ ಒಳಕ್ಕೆ ಬಾಗಿಸುತ್ತೇವೆ. ಒಂದೇ ಕಾಲನ್ನು ಪೂರ್ತಿ ಬಾಗಿಸಿಬಿಟ್ಟರೆ ಹರಳು ಓರೆಯಾಗಿ ಎದುರಿನ ಕಾಲಿಗೆ ತಿವಿಯುತ್ತದೆ. ಬಿಳಿ ಚಿನ್ನಕ್ಕೆ ಸ್ಪ್ರಿಂಗಿನ ಗುಣ ಹೆಚ್ಚು, ಬಾಗಿಸಿದಷ್ಟೂ ಸ್ವಲ್ಪ ಹಿಂದಕ್ಕೆ ಬರುತ್ತದೆ, ಹಾಗಾಗಿ ಅಲ್ಲಿ ಬಲ ಹೆಚ್ಚು ಬೇಕು, ಅಪಾಯವೂ ಹೆಚ್ಚು. ಪ್ಲಾಟಿನಂ ಬಾಗಿದಲ್ಲಿಯೇ ನಿಲ್ಲುತ್ತದೆ. ಸೂಕ್ಷ್ಮ ಹರಳಿಗೆ ಪ್ಲಾಟಿನಂ ಕಾಲುಗಳನ್ನು ನಾನು ಶಿಫಾರಸು ಮಾಡುವುದಕ್ಕೆ ಮುಖ್ಯ ಕಾರಣ ಇದೇ.

ಬೆಂಕಿಯ ಬಗ್ಗೆಯೂ ಕೇಳಿ. ಹೊಸ ಉಂಗುರಕ್ಕೆ ಹರಳು ಕೂರಿಸುವಾಗ ಬೆಂಕಿ ಬೇಕಾಗಿಲ್ಲ, ಬೆಸುಗೆಯ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿದಿರುತ್ತದೆ. ಆದರೆ ಹಳೆಯ ಉಂಗುರದ ಸವೆದ ಕಾಲುಗಳಿಗೆ ಲೋಹ ಸೇರಿಸುವಾಗ ಹರಳು ಅಲ್ಲೇ ಇರಬಹುದು. ವಜ್ರ ಇಂಗಾಲ, ಆಮ್ಲಜನಕ ಸಿಗುವ ಪ್ರಮಾಣವನ್ನು ಅವಲಂಬಿಸಿ ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಅದರ ಮೇಲ್ಮೈ ಸುಡತೊಡಗಿ ಹಾಲಿನಂತೆ ಮಬ್ಬಾಗುತ್ತದೆ, ಚಿನ್ನದ ಬೆಸುಗೆಯ ಶಾಖವೂ ಅದೇ ಆಸುಪಾಸಿನದು. ಗಾಳಿ ತಾಗದಂತೆ ಬೋರಿಕ್ ಆಮ್ಲದ ಲೇಪ ಹಚ್ಚುವುದು, ಬಿಸಿ ಹರಳನ್ನು ತಾನಾಗಿ ತಣಿಯಲು ಬಿಡುವುದು ಕಡ್ಡಾಯ. ಈಗ ಲೇಸರ್ ಬೆಸುಗೆಯಿಂದ ಶಾಖವನ್ನು ಒಂದು ಬಿಂದುವಿಗೆ ಸೀಮಿತಗೊಳಿಸಬಹುದು. ಹರಳಿನ ಬಿರುಕಿಗೆ ಗಾಜು ತುಂಬಿದ್ದರೆ ಅದನ್ನು ಮುಚ್ಚಿಡದೆ ಹೇಳಲೇಬೇಕು, ಶಾಖ ತಗುಲಿದರೆ ಆ ತುಂಬುವಿಕೆ ಕೆಟ್ಟುಹೋಗುತ್ತದೆ.

ಒಡೆದರೆ ಹೊಣೆ ಯಾರದು ಎಂಬುದು ಕೇಳಲು ಕಷ್ಟವೆನಿಸುವ, ಆದರೆ ಕೇಳಲೇಬೇಕಾದ ಪ್ರಶ್ನೆ. ಗ್ರಾಹಕರೇ ತಂದ ಹರಳಿಗೆ ನಾವು ಜವಾಬ್ದಾರರಲ್ಲ ಎಂಬ ಸಾಲು ಅನೇಕ ರಸೀದಿಗಳಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಸಹಿ ಹಾಕುವ ಮೊದಲು ಅದನ್ನು ಓದಿ. ಹರಳು ಅಂಗಡಿಯಲ್ಲೇ ಕೂರುತ್ತದೆಯೋ ಹೊರಗಿನ ಕುಶಲಕರ್ಮಿಯ ಬಳಿಗೆ ಹೋಗುತ್ತದೆಯೋ ಎಂದು ವಿಚಾರಿಸಿ. ಹೊರಗೆ ಹೋಗುವುದು ಈ ವೃತ್ತಿಯಲ್ಲಿ ತೀರಾ ಸಾಮಾನ್ಯ, ಅದರಲ್ಲಿ ತಪ್ಪೇನಿಲ್ಲ. ಹಾದಿಯಲ್ಲಿ ಮತ್ತು ಅಲ್ಲಿ ಇರುವಷ್ಟು ಹೊತ್ತು ಅದಕ್ಕೆ ವಿಮೆಯಿದೆಯೇ ಎಂಬುದು ಮುಖ್ಯ. ನಿಮ್ಮದೇ ವಿಮೆ ಇದ್ದರೆ ದುರಸ್ತಿ ಕೆಲಸದ ನಡುವೆ ಆಗುವ ಹಾನಿ ಅದರೊಳಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕೂತು ನೋಡುತ್ತೇನೆ ಎನ್ನುವವರೂ ಇದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ಕೂದಲೆಳೆಯ ಅಂತರದಲ್ಲಿ ನಡೆಯುವ ಕೆಲಸಕ್ಕೆ ಅವಸರವಿಲ್ಲದ ಕೈ ಬೇಕು, ಭುಜದ ಹಿಂದಿನ ಉಸಿರು ಆ ಕೈಯನ್ನು ಅವಸರಪಡಿಸುತ್ತದೆ.

ಉಂಗುರವನ್ನು ಪಡೆಯುವ ದಿನ ಮೊದಲು ಲೂಪ್ ಕೇಳಿ. ಪ್ರತಿ ಕಾಲಿನ ತುದಿ ಹರಳಿನ ಮೇಲೆ ಮಲಗಿ ಕೂತಿರಬೇಕು, ನಡುವೆ ಬೆಳಕಿನ ಗೆರೆ ಕಾಣಬಾರದು. ಪಕ್ಕದಿಂದ ನೋಡಿದಾಗ ಹರಳಿನ ಮೇಲ್ಮುಖ ಓರೆಯಾಗಿರಬಾರದು. ಪ್ರತಿ ಕಾಲಿನ ಎರಡೂ ಬದಿಯ ನಡುಪಟ್ಟಿಯನ್ನು ವಿಶೇಷವಾಗಿ ಗಮನಿಸಿ, ಹೊಸ ಚಕ್ಕೆ ಎದ್ದಿದ್ದರೆ ಸಾಮಾನ್ಯವಾಗಿ ಅಲ್ಲೇ. ಹತ್ತಿಯ ಎಳೆಯೊಂದನ್ನು ಕಾಲುಗಳ ಮೇಲೆ ಎಳೆದರೆ ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಸಡಿಲವಾದ ಹರಳು ಸಣ್ಣಗೆ ಕಟಕಟ ಎನ್ನುತ್ತದೆ. ಆಮೇಲೆ ಹಳೆಯ ನಕ್ಷೆಯನ್ನೋ ಚಿತ್ರವನ್ನೋ ಪಕ್ಕದಲ್ಲಿಟ್ಟುಕೊಂಡು ನಿಮ್ಮ ಚುಕ್ಕೆಯನ್ನು ಹುಡುಕಿ. ಅದು ಒಂದು ಕಾಲಿನ ಅಡಿ ಹೋಗಿದ್ದರೆ ಎರಡನೆಯ ಗುರುತನ್ನು ಹುಡುಕಿ. ಕೊಡುವಾಗ ಕನಿಷ್ಠ ಎರಡು ಗುರುತು ಬರೆದುಕೊಳ್ಳಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಕಾಲುಗಳು ಎಷ್ಟಿರಬೇಕು ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಟಿಫನಿ ಸಂಸ್ಥೆ 1886ರಲ್ಲಿ ಪರಿಚಯಿಸಿದ, ಹರಳನ್ನು ಉಂಗುರದ ಪಟ್ಟಿಯಿಂದ ಮೇಲೆತ್ತಿ ಹಿಡಿಯುವ ಆರು ಕಾಲುಗಳ ವಿನ್ಯಾಸ ಇಂದಿಗೂ ಉಳಿದಿರುವುದಕ್ಕೆ ಅಂದದ ಜೊತೆ ಒಂದು ವ್ಯಾವಹಾರಿಕ ಕಾರಣವೂ ಇದೆ: ಆರರಲ್ಲಿ ಒಂದು ಮುರಿದರೂ ಉಳಿದ ಐದು ಹರಳನ್ನು ಹಿಡಿದಿರುತ್ತವೆ. ನಾಲ್ಕರಲ್ಲಿ ಒಂದು ಮುರಿದರೆ ಆ ಭರವಸೆ ಇಲ್ಲ. ದಿನವಿಡೀ ಕೈಕೆಲಸ ಮಾಡುವವರಿಗೆ ಹರಳಿನ ಸುತ್ತ ಲೋಹದ ಅಂಚು ಕಟ್ಟುವ ಬೆಜೆಲ್ ವಿನ್ಯಾಸ ಇನ್ನೂ ಸುರಕ್ಷಿತ.

ಮೊದಲ ಕೆಲವು ವಾರಗಳ ಬಳಕೆಯ ನಂತರ ಉಂಗುರವನ್ನು ಒಮ್ಮೆ ವಾಪಸು ತಂದು ಬಿಗಿ ನೋಡಿಸಿ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ತೋರಿಸಿ. ಮುಂದೆ ಬೆರಳಿನ ಅಳತೆಗೆ ಉಂಗುರವನ್ನು ದೊಡ್ಡದೋ ಚಿಕ್ಕದೋ ಮಾಡಿಸಿದರೆ ಪಟ್ಟಿಯ ಬಾಗು ಬದಲಾಗುವುದರಿಂದ ಕಾಲುಗಳ ಹಿಡಿತವೂ ಬದಲಾಗುತ್ತದೆ, ಪಕ್ಕದ ಸಣ್ಣ ಹರಳುಗಳು ಸಡಿಲವಾಗುವುದು ಬಹುಪಾಲು ಆಗಲೇ. ಅಳತೆ ಬದಲಿಸಿದವರಿಂದಲೇ ಪ್ರತಿ ಹರಳನ್ನೂ ಸೂಜಿಮೊನೆಯಿಂದ ಮೆಲ್ಲಗೆ ಒತ್ತಿ ಪರೀಕ್ಷಿಸಿಕೊಂಡು, ಆ ಮಾತನ್ನೂ ರಸೀದಿಯ ಮೇಲೆ ಬರೆಸಿಕೊಂಡು, ಆಮೇಲೆ ಬೆರಳಿಗೆ ಹಾಕಿಕೊಳ್ಳಿ.