ಕೀಪ್ಯಾಡ್ ಫೋನಿಗೆ ಆ್ಯಪ್: ಮೇಲಿನ ಬಾಣ ಒತ್ತಿದರೆ ಎಲ್ಲಿಗೆ ಹೋಗಬೇಕು?

ಕೈಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 2.5ನೆಯ ಆವೃತ್ತಿ ಇರುವ ಕೀಪ್ಯಾಡ್ ಫೋನುಗಳಿಗೆ ಆ್ಯಪ್ ಬರೆಯಲು ಕುಳಿತವರಿಗಾಗಿ ಈ ಟಿಪ್ಪಣಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಒಂದಿಷ್ಟು ಜಾವಾಸ್ಕ್ರಿಪ್ಟ್ ಬರುತ್ತದೆ ಎಂದುಕೊಂಡಿದ್ದೇನೆ. ಅವನ್ನು ಇಲ್ಲಿ ವಿವರಿಸುವುದಿಲ್ಲ.

ಹಿನ್ನೆಲೆ ಚಿಕ್ಕದು. ಮೊಜಿಲ್ಲಾ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನಿಂದ ಕವಲೊಡೆದದ್ದು ಕೈಓಎಸ್. 2017ರ ಜಿಯೋಫೋನ್, 2018ರ ನೋಕಿಯಾ 8110 4ಜಿ ಎರಡೂ ಇದರ ಮೇಲೆಯೇ ಓಡುತ್ತವೆ. ಇಲ್ಲಿ ಆ್ಯಪ್ ಎಂದರೆ ವೆಬ್ ಪುಟವೇ. ಜೊತೆಗೊಂದು ಮ್ಯಾನಿಫೆಸ್ಟ್ ಕಡತ, ಅದರಲ್ಲಿ ಆ್ಯಪ್‌ನ ಹೆಸರು, ಮೊದಲು ತೆರೆಯಬೇಕಾದ ಪುಟ, 56 ಮತ್ತು 112 ಪಿಕ್ಸೆಲ್ ಅಳತೆಯ ಐಕಾನ್‌ಗಳು. 2.5ರ ಒಳಗೆ ಪುಟಗಳನ್ನು ತೋರಿಸುವ ಎಂಜಿನ್ ಗೆಕೊ 48, ಅಂದರೆ 2016ರ ಫೈರ್‌ಫಾಕ್ಸ್‌ನದು. ಆದ್ದರಿಂದ ಸಿಎಸ್‌ಎಸ್ ಗ್ರಿಡ್ ಸಿಗದು, ಅಸಿಂಕ್-ಅವೇಟ್ ಕೂಡ ಸಿಗದು. ಫ್ಲೆಕ್ಸ್‌ಬಾಕ್ಸ್, ಪ್ರಾಮಿಸ್, ಫೆಚ್ ಇವೆ. ಸಣ್ಣ ಆ್ಯಪ್‌ಗೆ ಅಷ್ಟೇ ಧಾರಾಳ. ರ್‍ಯಾಮ್ 256 ಅಥವಾ 512 ಎಂಬಿ ಇರುವ ಫೋನಿಗೆ ದೊಡ್ಡ ಫ್ರೇಮ್‌ವರ್ಕ್ ಹೇರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಪರದೆ 240×320. ಮೇಲಿನ ಸ್ಥಿತಿಪಟ್ಟಿಗೆ 26, ಕೆಳಗಿನ ಸಾಫ್ಟ್‌ಕೀ ಪಟ್ಟಿಗೆ (ಪರದೆಯ ಕೆಳಗಿರುವ ಎಡ, ಬಲ ಬಟನ್‌ಗಳ ಕೆಲಸವೇನೆಂದು ತೋರಿಸುವ ಪಟ್ಟಿ) 30 ಪಿಕ್ಸೆಲ್ ಹೋದರೆ ನಮಗೆ ಉಳಿಯುವ ಎತ್ತರ 264.

ಫೋಕಸ್ ಎಂಬ ತಲೆನೋವು

ಈ ಫೋನುಗಳಲ್ಲಿ ಬೆರಳಿಟ್ಟು ಮುಟ್ಟುವ ಪರದೆಯಿಲ್ಲ. ಬಳಸುವವರು ಈಗ ಯಾವ ಸಾಲಿನ ಮೇಲೆ ಇದ್ದಾರೆ, ಅಂದರೆ ಫೋಕಸ್ ಎಲ್ಲಿದೆ ಎಂಬುದನ್ನು ನಾವೇ ನೆನಪಿಟ್ಟು, ನಾವೇ ಬಣ್ಣ ಹಚ್ಚಿ ತೋರಿಸಬೇಕು. ಸಾಲುಗಳನ್ನು ಡಿವ್‌ಗಳಲ್ಲಿ ಬರೆದಿದ್ದರೆ ಪ್ರತಿಯೊಂದಕ್ಕೂ ಟ್ಯಾಬ್‌ಇಂಡೆಕ್ಸ್ ಕೊಡಬೇಕು. ಇಲ್ಲವಾದರೆ ಫೋಕಸ್ ಫಂಕ್ಷನ್ ಕರೆದರೂ ಅದು ಅಲ್ಲಿ ನಿಲ್ಲುವುದಿಲ್ಲ. ಆಮೇಲೆ ಕೀಡೌನ್ ಘಟನೆಗೆ ಕಿವಿಗೊಟ್ಟು, ಬಂದದ್ದು ಆ್ಯರೋಡೌನ್ ಆದರೆ ಮುಂದಿನ ಸಾಲಿಗೆ, ಆ್ಯರೋಅಪ್ ಆದರೆ ಹಿಂದಿನ ಸಾಲಿಗೆ ಹೋಗುವುದು. ಇಷ್ಟರವರೆಗೆ ಸಲೀಸು.

ತೊಡಕು ಪಟ್ಟಿಯ ತುದಿಯಲ್ಲಿದೆ. ಕೊನೆಯ ಸಾಲಿನಿಂದ ಕೆಳಗೆ ಒತ್ತಿದರೆ ಮೊದಲನೆಯದಕ್ಕೂ, ಮೊದಲನೆಯದರಿಂದ ಮೇಲೆ ಒತ್ತಿದರೆ ಕೊನೆಯದಕ್ಕೂ ಸುತ್ತಿ ಬರಬೇಕು. ನನ್ನ ಅಭ್ಯಾಸದ ಆ್ಯಪ್‌ನಲ್ಲಿ ಐದು ನಿಲ್ದಾಣಗಳಿವೆ: ಶಿವಮೊಗ್ಗ 0, ಆಯನೂರು 1, ಕುಂಸಿ 2, ಆನಂದಪುರ 3, ಸಾಗರ 4. ಕೆಳಗಿನ ಬಾಣಕ್ಕೆ ಸೂತ್ರ ಸುಲಭ: ಒಂದು ಕೂಡಿಸಿ, 5ರಿಂದ ಭಾಗಿಸಿ, ಶೇಷ ತೆಗೆದುಕೊಳ್ಳಿ. ಸಾಗರದಲ್ಲಿದ್ದರೆ 4+1=5, ಶೇಷ 0, ಶಿವಮೊಗ್ಗ. ಹಾಗಾದರೆ ಮೇಲಿನ ಬಾಣಕ್ಕೆ ಒಂದು ಕಳೆದು ಶೇಷ ತೆಗೆದರಾಯಿತಲ್ಲ? ಪೈಥಾನ್‌ನಲ್ಲಾದರೆ ಆಯಿತು: ಅಲ್ಲಿ −1ನ್ನು 5ರಿಂದ ಭಾಗಿಸಿದ ಶೇಷ 4. ಜಾವಾಸ್ಕ್ರಿಪ್ಟ್‌ನಲ್ಲಿ ಶೇಷ −1 ಆಗಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಶೇಷದ ಚಿಹ್ನೆ ಭಾಜ್ಯದ ಚಿಹ್ನೆಯನ್ನೇ ಹಿಡಿಯುತ್ತದೆ. ಪಟ್ಟಿಯಲ್ಲಿ −1ನೆಯ ಸಾಲು ಎಂಬುದಿಲ್ಲ. ಇಲ್ಲದ ಸಾಲಿಗೆ ಫೋಕಸ್ ಕರೆದರೆ ದೋಷ ಎದ್ದು ಫಂಕ್ಷನ್ ಅಲ್ಲೇ ನಿಲ್ಲುತ್ತದೆ. ಪರದೆಯ ಮೇಲೆ ಮಾತ್ರ ಏನೂ ಕಾಣದು, ಬಟನ್ನೇ ಕೆಟ್ಟಿದೆಯೇನೋ ಎನಿಸುತ್ತದೆ.

ಪರಿಹಾರ: ಒಂದು ಕಳೆದ ಮೇಲೆ ಒಟ್ಟು ಸಾಲುಗಳ ಸಂಖ್ಯೆಯನ್ನು ಕೂಡಿಸಿ, ನಂತರ ಶೇಷ ತೆಗೆಯಿರಿ. ಶಿವಮೊಗ್ಗದಿಂದ: 0−1+5=4, ಶೇಷ 4, ಸಾಗರ. ನಡುವಿನ ಆನಂದಪುರದಿಂದ: 3−1+5=7, ಶೇಷ 2, ಕುಂಸಿ. ಕೂಡಿಸಿದ 5 ಶೇಷದಲ್ಲಿ ಕರಗಿಹೋಗುವುದರಿಂದ ನಡುವಿನ ಸಾಲುಗಳಿಗೆ ತೊಂದರೆಯಿಲ್ಲ.

ಇದಾದ ಮೇಲೂ ಒಂದು ಕಿತಾಪತಿ ಉಳಿದಿರುತ್ತದೆ. ಈಗಿನ ಸಾಲು ಯಾವುದೆಂದು ತಿಳಿಯಲು ಅನೇಕರು ಡಾಕ್ಯುಮೆಂಟ್‌ನ ಆ್ಯಕ್ಟಿವ್‌ಎಲಿಮೆಂಟ್ ಕೇಳಿ, ಅದು ಪಟ್ಟಿಯಲ್ಲಿ ಎಷ್ಟನೆಯದು ಎಂದು ಹುಡುಕುತ್ತಾರೆ. ಹೊಸ ಮಾಹಿತಿ ಬಂದು ಪಟ್ಟಿಯನ್ನು ಅಳಿಸಿ ಮತ್ತೆ ಬರೆದಾಗ ಫೋಕಸ್ ಇದ್ದ ಸಾಲೇ ಮಾಯವಾಗಿ, ಫೋಕಸ್ ಪುಟದ ‘ಬಾಡಿ’ ಅಂಶಕ್ಕೆ ಹೋಗಿರುತ್ತದೆ. ಹುಡುಕಿದರೆ ಸಿಗುವ ಉತ್ತರ −1, ಅಂದರೆ ‘ಪಟ್ಟಿಯಲ್ಲಿ ಇಲ್ಲ’. ಆಗ ಕೆಳಗಿನ ಬಾಣ ಒತ್ತಿದರೆ −1+1=0, ಶಿವಮೊಗ್ಗ; ಎಲ್ಲ ಸರಿಯಿದ್ದಂತೆಯೇ ತೋರುತ್ತದೆ. ಮೇಲಿನದನ್ನು ಒತ್ತಿ ನೋಡಿ: −1−1+5=3. ಸಾಗರ ತಪ್ಪಿಹೋಗಿ ಆನಂದಪುರ! ಬರೀ ಕೆಳಗಿನ ಬಾಣ ಒತ್ತಿ ಪರೀಕ್ಷಿಸುವವರಿಗೆ ಇದು ಸಿಕ್ಕುವುದೇ ಇಲ್ಲ. ಆದ್ದರಿಂದ ಸಾಲಿನ ಸಂಖ್ಯೆಯನ್ನು ನಿಮ್ಮದೇ ಒಂದು ಚರದಲ್ಲಿ ಇಟ್ಟುಕೊಳ್ಳಿ, ಪಟ್ಟಿ ಬರೆದಾಗಲೆಲ್ಲ ಆ ಸಾಲಿಗೆ ಮತ್ತೆ ಫೋಕಸ್ ಕೊಡಿ. ಹೊಸ ಪಟ್ಟಿ ಹಳೆಯದಕ್ಕಿಂತ ಗಿಡ್ಡವಾಗಿದ್ದರೆ ಸಂಖ್ಯೆಯನ್ನು ಕೊನೆಯ ಸಾಲಿಗೆ ಇಳಿಸಬೇಕು.

ಉಳಿದವು

ಸಾಫ್ಟ್‌ಕೀ ಪಟ್ಟಿಯನ್ನು ಪುಟದ ಮೇಲೆ ತೇಲಿಸಿದರೆ ಕೊನೆಯ ಸಾಲು ಅದರ ಹಿಂದೆ ಅಡಗುತ್ತದೆ. ಸಾಲುಗಳ ಪಟ್ಟಿಗೇ 264 ಪಿಕ್ಸೆಲ್ ಎತ್ತರ ಕೊಟ್ಟು, ಅದರೊಳಗೇ ಸ್ಕ್ರಾಲ್ ಆಗುವಂತೆ ಮಾಡಿ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಲೈನ್‌ಹೈಟ್ ಅನ್ನು 1.5ಕ್ಕಿಂತ ಕಡಿಮೆ ಮಾಡಬೇಡಿ.

ಬ್ಯಾಕ್‌ಸ್ಪೇಸ್ ಘಟನೆಯನ್ನು ಪ್ರಿವೆಂಟ್‌ಡಿಫಾಲ್ಟ್‌ನಿಂದ ತಡೆಯದಿದ್ದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ಒಳಪುಟಗಳಲ್ಲಿ ತಡೆದು ಹಿಂದಿನ ಪುಟಕ್ಕೆ ಕಳುಹಿಸಿ, ಮೊದಲ ಪುಟದಲ್ಲಿ ತಡೆಯಬೇಡಿ. ಹೊರಗೆ ಹೋಗಲು ಬಿಡದ ಆ್ಯಪ್ ಯಾರಿಗೂ ಬೇಡ.

ಮೊದಲ ಪರೀಕ್ಷೆ ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲೇ, 240×320 ಗಾತ್ರದಲ್ಲಿ ಮಾಡಬಹುದು. ಅಲ್ಲಿ ಸಾಫ್ಟ್‌ಲೆಫ್ಟ್, ಸಾಫ್ಟ್‌ರೈಟ್ ಕೀಲಿಗಳಿಲ್ಲ, ಹಾಗಾಗಿ ಎಫ್1, ಎಫ್2 ಒತ್ತಿದರೂ ಅದೇ ಕೆಲಸ ಆಗುವಂತೆ ಎರಡು ಸಾಲು ಸೇರಿಸಿಕೊಳ್ಳಿ. ನಿಜವಾದ ಫೋನಿಗೆ ಹಾಕಲು ಫೈರ್‌ಫಾಕ್ಸ್‌ನೊಳಗೆ ಬರುತ್ತಿದ್ದ ವೆಬ್‌ಐಡಿಇ ಎಂಬ ಸಾಧನ ಬೇಕು. ಅದು ಈಗಿನ ಫೈರ್‌ಫಾಕ್ಸ್‌ನಲ್ಲಿ ಇಲ್ಲದ ಕಾರಣ 59 ಅಥವಾ ಅದಕ್ಕಿಂತ ಹಳೆಯ ಆವೃತ್ತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ನೋಕಿಯಾ 8110 4ಜಿಯಲ್ಲಿ *#*#33284#*#* ಒತ್ತಿದರೆ ಕಂಪ್ಯೂಟರಿನಿಂದ ಆ್ಯಪ್ ಹಾಕಲು ಬಿಡುವ ಡಿಬಗ್ ಸ್ಥಿತಿ ಚಾಲೂ ಆಗುತ್ತದೆ. ನಡುವಿನ ಐದು ಅಂಕಿಗಳು ಕೀಪ್ಯಾಡಿನಲ್ಲಿ ‘ಡಿಬಗ್’ ಪದದ ಇಂಗ್ಲಿಷ್ ಅಕ್ಷರಗಳಿರುವ ಕೀಲಿಗಳೇ. ಎಲ್ಲ ಫೋನುಗಳೂ ಹೀಗೆ ತೆರೆದುಕೊಳ್ಳುವುದಿಲ್ಲ, ಅಭ್ಯಾಸಕ್ಕೆಂದು ಹಳೆಯ ಫೋನ್ ಕೊಳ್ಳುವಾಗ ಅಂಗಡಿಯಲ್ಲೇ ಈ ಸಂಖ್ಯೆಯನ್ನು ಒತ್ತಿ ನೋಡಿ.